ಅರಳು-ಮರಳು ಎಂದು ಕೈಬಿಡುವ ಮುನ್ನ

ಯುವಮಿತ್ರರೇ,

'ಅರವತ್ತಕ್ಕೆ ಅರಳು-ಮರಳು' ಎಂಬ ಗಾದೆಯನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ನೀವು ಹುಟ್ಟಿ ಬೆಳೆದ ಈ ಮಹಾರಾಷ್ಟ್ರದಲ್ಲಿ ಅದೇ ಮಾತನ್ನು 'ಸಾಠೀ ಬುದ್ಧೀ ನಾಠೀ' ಎನ್ನುತ್ತಾರೆ. ಭಾಷೆ ಎರಡು, ತೀರ್ಪು ಒಂದೇ: ಅರವತ್ತಾಯಿತೋ, ಬುದ್ಧಿ ಹೋಯಿತು! ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವುದುಂಟು. ಆದರೆ ಈ ಒಂದು ಗಾದೆ ಸುಳ್ಳಷ್ಟೇ ಅಲ್ಲ, ಅಪಾಯಕಾರಿಯೂ ಹೌದು ಎಂಬುದನ್ನು ನಮ್ಮ ಮನೆತನದ ಇಬ್ಬರು ಹಿರಿಯರನ್ನು ನೋಡಿ ನಾನು ತಿಳಿದುಕೊಂಡೆ. ಒಬ್ಬರು ನಾಸಿಕದಲ್ಲಿರುವ ನಮ್ಮ ಮಾವನವರು. ಇನ್ನೊಬ್ಬರು ಛತ್ರಪತಿ ಸಂಭಾಜಿನಗರದಲ್ಲಿರುವ ಅವರ ತಂಗಿ, ನನ್ನ ಯಜಮಾನರ ಸೋದರತ್ತೆ. ಇಬ್ಬರಿಗೂ ಮರೆವು ಬಂತು. ಇಬ್ಬರನ್ನೂ ಓಣಿಯವರು 'ಅರಳು-ಮರಳು' ಎಂದರು. ಆದರೆ ಇಬ್ಬರದೂ ಒಂದೇ ಕಥೆಯಲ್ಲ. ಅದನ್ನು ನಿಮಗೆ ಹೇಳಬೇಕೆಂದೇ ಈ ಬರಹ.

ಮಾವನವರು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯಿಂದ 1968ರಲ್ಲಿ ಓಝರಿನ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವರು. ಮಿಗ್ ವಿಮಾನಗಳನ್ನು ಕಟ್ಟಲಿಕ್ಕಾಗಿ ಎಚ್.ಎ.ಎಲ್. ಸಂಸ್ಥೆ 1964ರಲ್ಲಿ ಇಲ್ಲಿ ಕಾರ್ಖಾನೆ ತೆರೆದ ಮೇಲೆ ಕನ್ನಡ ನಾಡಿನ ಎಷ್ಟೋ ಹುಡುಗರು ಹೀಗೆ ಟ್ರಂಕು ಹೊತ್ತು ಬಂದರು. ಸೋದರತ್ತೆಯವರು ಮದುವೆಯಾಗಿ ಆಗಿನ ಔರಂಗಾಬಾದಿಗೆ ಹೋದರು. ಆ ಊರು ನಮ್ಮವರಿಗೆ ತೀರ ಹೊಸದಲ್ಲ. 1956ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹತ್ತಿರದ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕೊರೆಸಿದವನು ರಾಷ್ಟ್ರಕೂಟರ ಕೃಷ್ಣ. ಅದೇ ವಂಶದ ನೃಪತುಂಗನ ಕಾಲದ 'ಕವಿರಾಜಮಾರ್ಗ' ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. "ಹಂಗಾದ್ರ ಗೋದಾವರಿ ದಂಡಿ ಮ್ಯಾಲಿನ ನಾಸಿಕದಾಗ ನಾವೇನು ಪರದೇಶಿಗಳಲ್ಲ ಬಿಡ್ರಿ" ಎಂದು ಮಾವನವರು ಸಂಘದ ಪ್ರತಿ ರಾಜ್ಯೋತ್ಸವದಲ್ಲೂ ಹೇಳಿ ನಗಿಸುತ್ತಿದ್ದರು.

ಅರವತ್ತು-ಎಪ್ಪತ್ತರ ದಶಕದಲ್ಲಿ ಹೀಗೆ ಬಂದ ಆ ತರುಣರಿಗೆ ಈಗ ಎಪ್ಪತ್ತೈದು, ಎಂಬತ್ತು. ಅವರೇ ನಿಮ್ಮ ಅಜ್ಜ-ಅಜ್ಜಿಯರು. ಹಾಗಾಗಿ ನಾನು ಹೇಳುವ ಸಂಗತಿ ಇನ್ನು ಮುಂದೆ ನಮ್ಮ ಕಾಲೋನಿಗಳ ಒಂದಲ್ಲ ಒಂದು ಮನೆಯ ಬಾಗಿಲು ತಟ್ಟಿಯೇ ತಟ್ಟುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮರೆವೆಲ್ಲ ಕಾಯಿಲೆಯಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪಕ್ಕದ ಮನೆಯವರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಹತ್ತು ನಿಮಿಷದ ಮೇಲೆ ತಾನಾಗಿ ನೆನಪಾಗುವುದು ವಯಸ್ಸಿನ ಸಹಜ ಧರ್ಮ. ಆದರೆ ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಸೊಸೆ ಕದ್ದಳೆಂದು ದೂರುವುದು, ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪುವುದು, ದಿನಾ ಹೋಗುವ ದಾರಿಯಲ್ಲೇ ದಿಕ್ಕು ತಪ್ಪುವುದು ಹಾಗಲ್ಲ. ನೆನಪು, ಮಾತು, ವಿವೇಚನೆಗಳು ಕುಗ್ಗುತ್ತ ಹೋಗಿ ದಿನದ ಬದುಕಿಗೇ ತೊಡಕಾದಾಗ ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದು ಒಂದು ಕಾಯಿಲೆಯ ಹೆಸರಲ್ಲ, ಒಂದು ಗುಂಪಿನ ಹೆಸರು. ಅದರಲ್ಲಿ ಹೆಚ್ಚಿನವು ಅಲ್‌ಝೈಮರ್ ಕಾಯಿಲೆಯಿಂದ ಬಂದವು. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ.

ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಮೊದಲು ಗಮನಿಸಿದ ರೋಗಿ ಆಗಸ್ಟೆ ಡೆಟರ್ ಎಂಬ ಹೆಂಗಸಿಗೆ ಆಗ ವಯಸ್ಸು 51! ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡದ್ದನ್ನು ಆತ 1906ರಲ್ಲಿ ವಿದ್ವಾಂಸರ ಮುಂದಿಟ್ಟ. ಇದು ಮುಪ್ಪಲ್ಲ, ಮಿದುಳಿನ ರೋಗ. ನಮ್ಮ ದೇಶದ ಲೆಕ್ಕವನ್ನೂ ನೋಡಿ. 60 ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಸಂಖ್ಯೆ ದೊಡ್ಡದೇ. ಆದರೆ ಅದನ್ನು ತಿರುಗಿಸಿಯೂ ಓದಿರಿ: ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನಕ್ಕೆ ಈ ಕಾಯಿಲೆ ಇಲ್ಲ. ಗಾದೆ ಎಲ್ಲಿ ಉಳಿಯಿತು?

ಇನ್ನು ಮಾವನವರ ಸಂಗತಿಗೆ ಬರುತ್ತೇನೆ.

ಅವರು ನಿವೃತ್ತರಾದ ದಿನದಿಂದಲೂ ಪ್ರತಿ ಸಂಜೆ ಮನೆಯ ಖರ್ಚು ಬರೆದಿಡುವವರು. ಹಾಲು, ಕಾಯಿಪಲ್ಯೆ, ರಿಕ್ಷಾ ಎಲ್ಲ ಪೈಸೆ ಪೈಸೆಗೆ ಲೆಕ್ಕ. 2022ರ ಮಳೆಗಾಲದಲ್ಲಿ ಆ ವಹಿ ಖಾಲಿ ಉಳಿಯತೊಡಗಿತು. ಹಾಲಿನವನಿಗೆ ಒಂದೇ ತಿಂಗಳ ಹಣ ಎರಡು ಸಲ ಕೊಟ್ಟರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವರು. ಪೇಪರು ಕೈಯಲ್ಲಿ ಹಿಡಿದು ಸುಮ್ಮನೆ ಕೂಡುವರು. ಅಂಗಾಲು ಜೋಮು ಹಿಡಿದ ಹಾಗೆ ಆಗುತ್ತದೆಂದು ಒಮ್ಮೊಮ್ಮೆ ಹೇಳುವರು. "ನನಗೇನಾಗೇದವಾ? ವಯಸ್ಸಾತು, ಅಷ್ಟ" ಎಂದು ಅವರೇ ಮಾತು ಮುಗಿಸಿಬಿಡುವರು. ಬಂದವರೂ "ಹೌದ್ರಿ, ವಯಸ್ಸು" ಎಂದು ಚಹಾ ಕುಡಿದು ಹೋಗುವರು.

ನಾಸಿಕ್ ರೋಡಿನಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಚಿಕ್ಕ ದವಾಖಾನೆ ಇದೆ. ಅಲ್ಲಿನ ಡಾಕ್ಟರರು ಮರಾಠಿಯವರು. ಮಾವನವರ ಸಕ್ಕರೆ ಕಾಯಿಲೆಗೆ ಹತ್ತು ಹನ್ನೆರಡು ವರ್ಷದಿಂದ ಅವರದೇ ಔಷಧ. ಸಕ್ಕರೆ ತೋರಿಸಲು ಹೋದಾಗ ಹಾಲಿನವನ ಸಂಗತಿಯನ್ನು ನಾನು ಹೇಳಿದೆ. ಅವರು ನಗಲಿಲ್ಲ, ವಯಸ್ಸು ಎನ್ನಲೂ ಇಲ್ಲ. ಮಾವನವರ ಒಪ್ಪಿಗೆ ಕೇಳಿ ಮೂರು ಶಬ್ದ ಹೇಳಿದರು, ಮಾವನವರು ಅವನ್ನು ತಿರುಗಿ ಹೇಳಿದರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಹಾಕಿರಿ ಎಂದರು. ಅದಾದ ಮೇಲೆ ಮೊದಲಿನ ಮೂರು ಶಬ್ದ ಯಾವುವು ಎಂದು ಕೇಳಿದರು. ಇಷ್ಟೇ ಪರೀಕ್ಷೆ. ಮೂರು ನಿಮಿಷವೂ ಹಿಡಿಯಲಿಲ್ಲ. ಇದಕ್ಕೆ ಮಿನಿ-ಕಾಗ್ ಎಂದು ಹೆಸರು. ಅಮೆರಿಕದ ಸೂ ಬೋರ್ಸನ್ ಎಂಬ ವೈದ್ಯೆ ಮತ್ತು ಸಂಗಡಿಗರು ಇದನ್ನು 2000ದಲ್ಲಿ ಪ್ರಕಟಿಸಿದರು. ಶಬ್ದಕ್ಕೊಂದರಂತೆ ಮೂರು ಅಂಕ, ಗಡಿಯಾರಕ್ಕೆ ಎರಡು. ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕೆಂದು ಅರ್ಥ.

ವಿಮಾನದ ನಕ್ಷೆಗಳನ್ನು ಓದಿ ಸೂಜಿಯ ಮೊನೆಯಷ್ಟು ತಪ್ಪಿಲ್ಲದೆ ಕೆಲಸ ಮಾಡಿದ ಕೈ ಅದು. ಹನ್ನೆರಡೂ ಅಂಕಿಗಳನ್ನು ಗಡಿಯಾರದ ಒಂದೇ ಮಗ್ಗುಲಿಗೆ ತುರುಕಿಬಿಟ್ಟಿತು. ಶಬ್ದಗಳಲ್ಲಿ ಒಂದೇ ನೆನಪಾಯಿತು. ಐದಕ್ಕೆ ಒಂದು ಅಂಕ! ನನ್ನ ಎದೆ ಧಸಕ್ಕೆಂದಿತು. ಡಾಕ್ಟರರು ಆಗ ಮರಾಠಿಯಲ್ಲಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಇದು ಕಾಯಿಲೆಯ ಹೆಸರಲ್ಲ ತಾಯಿ, ಬಾಗಿಲ ಗಂಟೆ ಅಷ್ಟೇ. ಬಂದವರು ಯಾರೆಂದು ಬಾಗಿಲು ತೆಗೆದು ನೋಡಬೇಕು ಎಂದರು.

ಬಾಗಿಲು ತೆಗೆದು ನೋಡುವುದೆಂದರೆ ಏನು? ರಕ್ತಪರೀಕ್ಷೆ, ಥೈರಾಯ್ಡ್, ಬಿ-12 ಜೀವಸತ್ವ, ಸಕ್ಕರೆ, ಉಪ್ಪಿನಂಶ, ಮೂತ್ರಪಿಂಡದ ಸ್ಥಿತಿ. ಕಿವಿ ಸರಿಯಾಗಿ ಕೇಳುತ್ತದೆಯೇ? ಮನಸ್ಸಿಗೆ ಖಿನ್ನತೆ ಕವಿದಿದೆಯೇ? ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದೆಯೇ? ನಿದ್ದೆಗೆ, ಅಲರ್ಜಿಗೆ ಎಂದು ಯಾವ ಯಾವ ಗುಳಿಗೆ ನುಂಗುತ್ತಾರೆ? ಕೊನೆಗೆ ತಲೆಯ ಸ್ಕ್ಯಾನ್. ಮಾವನವರ ವಿಷಯದಲ್ಲಿ ಉತ್ತರ ರಕ್ತದಲ್ಲೇ ಸಿಕ್ಕಿತು. ಬಿ-12 ತೀರ ಕೆಳಕ್ಕಿಳಿದಿತ್ತು. ನಮ್ಮದು ಶುದ್ಧ ಶಾಕಾಹಾರಿ ಮನೆ. ಅದರ ಮೇಲೆ ಸಕ್ಕರೆ ಕಾಯಿಲೆಗೆ ಅವರು ವರ್ಷಗಟ್ಟಲೆ ತೆಗೆದುಕೊಂಡ ಮೆಟ್‌ಫಾರ್ಮಿನ್ ಗುಳಿಗೆ ಬಿ-12 ಹೀರಿಕೆಯನ್ನು ಕುಗ್ಗಿಸಬಲ್ಲದು. ಹಾಗೆಂದು ಡಾಕ್ಟರರನ್ನು ಕೇಳದೆ ಯಾರೂ ಆ ಗುಳಿಗೆ ನಿಲ್ಲಿಸಬಾರದು. ಇಂಜೆಕ್ಷನ್ ಶುರುವಾಯಿತು. ದೀಪಾವಳಿಯ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಸಂಕ್ರಾಂತಿಯ ಹೊತ್ತಿಗೆ ಲೆಕ್ಕದ ವಹಿ ಮತ್ತೆ ತೆರೆಯಿತು. ಎಳ್ಳು-ಬೆಲ್ಲದ ಖರ್ಚಿನಲ್ಲಿ ನಾನು ಎಂಟು ರೂಪಾಯಿ ತಪ್ಪು ಹೇಳಿದ್ದೆನೆಂದು ಅವರು ಕೂಗಿ ಕರೆದಾಗ ನಮಗೆಲ್ಲ ಹಬ್ಬವೇ ಆಯಿತು!

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಪೂರ್ತಿ ಗುಣವಾಗುವ ಕಾರಣ ಸಿಗುವುದು ಕೆಲವರಲ್ಲಿ ಮಾತ್ರ. ಆದರೆ ಆ ಕೆಲವರಲ್ಲಿ ನಮ್ಮವರು ಒಬ್ಬರೋ ಅಲ್ಲವೋ ಎಂಬುದು ನೋಡದೆ ಹೇಗೆ ತಿಳಿದೀತು?

ಸೋದರತ್ತೆಯವರ ಕಥೆ ಬೇರೆ. ಅವರು ಸಂಭಾಜಿನಗರದ ಸಿಡ್ಕೋ ಭಾಗದಲ್ಲಿ ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾರೆ. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವುದು. ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನಿಗೇ ಅಜ್ಜಿಯ ಒಡನಾಟ ಹೆಚ್ಚು. ಅವನು ನಿಮ್ಮಂಥವನೇ. ಓದಿದ್ದು ಇಂಗ್ಲಿಷ್, ಗೆಳೆಯರೊಡನೆ ಮರಾಠಿ, ಕನ್ನಡ ಓದಲು ಬರೆಯಲು ಬಾರದು. ಆದರೆ 'ಆಯಿ'ಯ ಜೊತೆ ಮಾತ್ರ ಬಾದಾಮಿಯ ಕನ್ನಡ. ಮೊದಲು ಗಮನಿಸಿದವನು ಅವನೇ.

ಅವನು ಏನನ್ನು ಗಮನಿಸಿದ ಗೊತ್ತೇ? ಐವತ್ತು ವರ್ಷ ಮರಾಠಿಯಲ್ಲಿ ಚೌಕಾಸಿ ಮಾಡಿದ ಆಯಿ ಗುಲಮಂಡಿಯ ಪೇಟೆಯಲ್ಲಿ ಬಾಯಿಪಲ್ಯೆಯವಳ ಜೊತೆ ಕನ್ನಡದಲ್ಲಿ ಮಾತಾಡತೊಡಗಿದ್ದರು. ಅವಳಿಗೆ ತಿಳಿಯಲಿಲ್ಲವೆಂದರೆ ಸಿಟ್ಟು. ಮನೆಯಲ್ಲೂ ಮರಾಠಿ ವಾಕ್ಯ ಅರ್ಧಕ್ಕೆ ನಿಂತು ಕನ್ನಡಕ್ಕೆ ಹೊರಳುತ್ತಿತ್ತು. ಎರಡು ಭಾಷೆ ಬಲ್ಲವರಿಗೆ ಈ ಕಾಯಿಲೆ ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಸಡಿಲಾಗಿ, ತಾಯ್ನುಡಿಯೇ ಮುಂದಾಗುವುದುಂಟು. ಓಣಿಯವರಿಗೆ ಅದು ಮುದುಕಿಯ ಮೊಂಡುತನವಾಗಿ ಕಂಡಿತು. ಹುಡುಗ ಮಾತ್ರ ತನ್ನ ಮೊಬೈಲಿನಲ್ಲಿ ತಾರೀಖು ಹಾಕಿ ಬರೆದಿಡುತ್ತ ಹೋದ: ಇವತ್ತು ಸಾರಿಗೆ ಎರಡು ಸಲ ಉಪ್ಪು, ಇವತ್ತು ಗ್ಯಾಸ್ ಹಾಗೇ ಉರಿಯುತ್ತಿತ್ತು, ಇವತ್ತು ಗುಡಿಯಿಂದ ಬರುವಾಗ ದಾರಿ ತಪ್ಪಿ ಬೇರೆಯವರ ಮನೆಯ ಕಟ್ಟೆಯ ಮೇಲೆ ಕೂತಿದ್ದರು.

2023ರ ಬೇಸಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮೊದಲು ಹೋದ ಕಡೆ ಪ್ರಶ್ನೆಗಳೆಲ್ಲ ಮರಾಠಿಯಲ್ಲಿ, ಅದೂ ಗಡಿಬಿಡಿಯಲ್ಲಿ. ಸೋದರತ್ತೆಯವರು ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ ಅವರು ಮುಖ ನೋಡುತ್ತ ಕುಳಿತರು. 30ಕ್ಕೆ 14 ಅಂಕ ಬರೆದು, ಕಾಯಿಲೆ ಬಹಳ ಮುಂದುವರಿದಿದೆ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಅಂದು ಯಾರೂ ಊಟ ಮಾಡಲಿಲ್ಲ.

ಎರಡನೆಯ ಸಲ ಬೇರೊಬ್ಬ ಡಾಕ್ಟರರಲ್ಲಿ ಮೊಮ್ಮಗನೇ ಕೈಮುಗಿದು ಕೇಳಿಕೊಂಡನಂತೆ: ನೀವು ಹೇಳಿದ್ದನ್ನು ಹೆಚ್ಚು-ಕಡಿಮೆ ಮಾಡದೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಆಗಬಹುದೇ? ಅವರು ಒಪ್ಪಿದರು. ಇದು ಯಾವ ಊರು ಎಂಬ ಪ್ರಶ್ನೆ ಬಂತು. "ಔರಂಗಾಬಾದ ಅಲ್ಲೇನೋ?" ಎಂದರು ಸೋದರತ್ತೆ. ಊರಿನ ಹೆಸರು ಬದಲಾಗಿ ಆಗ ಕೆಲವೇ ತಿಂಗಳು. ಅಂಕ ಬರೆಯುತ್ತಿದ್ದ ಹುಡುಗಿ ಅನುಮಾನಿಸಿದಳು. ಡಾಕ್ಟರರು, ಐವತ್ತು ವರ್ಷ ಇದ್ದ ಊರಿನ ಹೆಸರನ್ನು ಸರಿಯಾಗೇ ಹೇಳಿದ್ದಾರೆ, ಅಂಕ ಕೊಡು ಎಂದರಂತೆ. ಯಾವ ತಿಂಗಳು ಎಂದರೆ "ಜ್ಯೇಷ್ಠ" ಎಂದರು. ಅದೂ ಸರಿಯೇ. ಕನ್ನಡದಲ್ಲಿ ಕೇಳಿದಾಗ 30ಕ್ಕೆ 21 ಬಂತು. ಭಾಷೆಯೊಂದರ ಅಂತರ ಏಳು ಅಂಕ!

ಆದರೆ ಇಲ್ಲಿ ನಾವು ನಮ್ಮನ್ನು ನಾವೇ ವಂಚಿಸಿಕೊಳ್ಳುವಂತಿರಲಿಲ್ಲ. ಊರು, ತಿಂಗಳು, ಮಾತು ಎಲ್ಲ ಸರಿಯಿದ್ದರೂ ಐದು ನಿಮಿಷದ ಹಿಂದೆ ಹೇಳಿದ ಮೂರು ಶಬ್ದಗಳಲ್ಲಿ ಒಂದೂ ಉಳಿದಿರಲಿಲ್ಲ. ಸುಳಿವು ಕೊಟ್ಟರೂ ಬರಲಿಲ್ಲ. ಮೊಮ್ಮಗನ ತಾರೀಖುವಾರು ಟಿಪ್ಪಣಿಯೂ ಅದನ್ನೇ ಹೇಳುತ್ತಿತ್ತು. ರಕ್ತಪರೀಕ್ಷೆಯಲ್ಲಿ ಬೇರೆ ಕಾರಣ ಸಿಗಲಿಲ್ಲ. ಸ್ಕ್ಯಾನ್ ನೋಡಿದ ತಜ್ಞರು ಅಲ್‌ಝೈಮರ್, ಇನ್ನೂ ಮೊದಲ ಹಂತ ಎಂದರು. ಕನ್ನಡ ಅವರ ಕಾಯಿಲೆಯನ್ನು ಇಲ್ಲವಾಗಿಸಲಿಲ್ಲ. ಅದು ಎಷ್ಟಿದೆಯೋ ಅಷ್ಟನ್ನೇ ತೋರಿಸಿತು.

ಈ ಪ್ರಶ್ನಾವಳಿಗಳ ಹಿಂದೆ ಒಂದು ಇತಿಹಾಸವಿದೆ, ಚಿಕ್ಕದಾಗಿ ಹೇಳುತ್ತೇನೆ. 30 ಅಂಕಗಳ ಹೆಸರಾಂತ ಪರೀಕ್ಷೆಯನ್ನು ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿಗಳೂ ಮೆಕ್‌ಹ್ಯೂ ಅವರೂ 1975ರಲ್ಲಿ ಪ್ರಕಟಿಸಿದರು. ಓದು, ಬರಹ, ಲೆಕ್ಕ ಬಲ್ಲವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದದು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಳ್ಳಿಯ ಅಜ್ಜಿಯನ್ನು ಅದರಿಂದ ಅಳೆದರೆ ಕಾಯಿಲೆ ಇಲ್ಲದಿದ್ದರೂ ನಪಾಸಾಗುತ್ತಾಳೆ. ಆದ್ದರಿಂದ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅನಕ್ಷರಸ್ಥ ಹಿರಿಯರಿಗೆ ಹೊಂದುವ ಹಿಂದಿ ಪರೀಕ್ಷೆಯನ್ನು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಒಂದು ಪರೀಕ್ಷಾ ಸಮೂಹವನ್ನು ರೂಪಿಸಿತು. ಎಂದರೆ ಕನ್ನಡದಲ್ಲಿ ಸಾಧನವಿದೆ. ನಾಸಿಕದ ದವಾಖಾನೆಯಲ್ಲಿ ಅದನ್ನು ಓದಿ ಹೇಳುವವರು ಇಲ್ಲ ಅಷ್ಟೇ. ಆ ಕೊರತೆಯನ್ನು ತುಂಬಬಲ್ಲವರು ನೀವು!

ರೋಗಿಯನ್ನಲ್ಲದೆ ಮನೆಯವರನ್ನೇ ಕೇಳುವ ಬಗೆಯೂ ಇದೆ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2005ರಲ್ಲಿ ಎಂಟು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಕೇಳಿದ್ದನ್ನೇ ಕೇಳುತ್ತಾರೆಯೇ, ಹಣದ ವ್ಯವಹಾರದಲ್ಲಿ ತಪ್ಪುತ್ತಾರೆಯೇ, ಹಿಂದೆ ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ, ಹೊಸ ಯಂತ್ರ ಬಳಸಲು ಕಲಿಯುವುದು ಕಷ್ಟವಾಗಿದೆಯೇ, ಹೀಗೆ. ಇಲ್ಲಿ ಮುಖ್ಯವಾದದ್ದು ಅವರು ಇನ್ನೊಬ್ಬರಿಗಿಂತ ಹೇಗಿದ್ದಾರೆ ಎಂಬುದಲ್ಲ, ತಾವೇ ಮೊದಲು ಇದ್ದದ್ದಕ್ಕಿಂತ ಬದಲಾಗಿದ್ದಾರೆಯೇ ಎಂಬುದು. ಎಂಟರಲ್ಲಿ ಎರಡು 'ಹೌದು' ಬಂದರೂ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಈ ಪಟ್ಟಿಗೆ ಶಾಲೆ ಬೇಕಿಲ್ಲ, ಅಜ್ಜಿಯ ಜೊತೆ ವಾಸವಿದ್ದರೆ ಸಾಕು.

ಸರಕಾರವೂ ಸುಮ್ಮನೆ ಕೂತಿಲ್ಲ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು 30 ವರ್ಷ ದಾಟಿದವರ ಬಗ್ಗೆ ಒಂದು ಪಟ್ಟಿ ತುಂಬುತ್ತಾರೆ. ಅದರಲ್ಲಿ 60 ದಾಟಿದವರಿಗೆಂದೇ ಇರುವ ಪ್ರಶ್ನೆಗಳಲ್ಲಿ ಒಂದು, ಹತ್ತಿರದವರ ಹೆಸರನ್ನಾಗಲಿ ನಿಮ್ಮ ಮನೆಯ ವಿಳಾಸವನ್ನಾಗಲಿ ಮರೆಯುತ್ತೀರಾ ಎಂಬುದು. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎನಿಸಿಕೊಂಡಿರುವ ಕೇಂದ್ರಗಳಿಗೆ ಆ ಪಟ್ಟಿ ಹೋಗುತ್ತದೆ. ಪ್ರಶ್ನೆ ಇರುವುದೇ ಸಂತೋಷ. ಆದರೆ ಮನೆಯ ವಿಳಾಸ ಮರೆಯುವ ಹೊತ್ತಿಗೆ ಕಾಯಿಲೆಯ ಮೊದಲ ಹಂತ ದಾಟಿರುತ್ತದೆ. ಮೇಲಾಗಿ, ಮರೆಯುತ್ತೀರಾ ಎಂದು ಮರೆಯುವವರನ್ನೇ ಕೇಳಿದರೆ ಅವರು ಇಲ್ಲ ಎಂದೇ ಹೇಳಿಯಾರು! ಪಕ್ಕದಲ್ಲಿ ನೀವಿದ್ದರೆ ಉತ್ತರ ಬೇರೆಯಾಗುತ್ತದೆ. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಕೂಡಿ ಮಿದುಳು ಆರೋಗ್ಯದ ಕಾರ್ಯಕ್ರಮವೊಂದನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಯೋಗವಾಗಿ ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟವು. ದೊಡ್ಡ ಆಸ್ಪತ್ರೆಯ ನರರೋಗ ತಜ್ಞರ ಬಳಿಗೆ ಎಲ್ಲರೂ ಹೋಗಲಾರರು. ಮೊದಲ ಗಂಟೆ ಬಾರಿಸಬೇಕಾದದ್ದು ಹತ್ತಿರದ ದವಾಖಾನೆಯಲ್ಲೇ.

ಹಾಗಾದರೆ ಅರವತ್ತು ದಾಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗಡಿಯಾರ ಬರೆಸೋಣವೇ? ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಯಾವ ಲಕ್ಷಣವೂ ಇಲ್ಲದ ಹಿರಿಯರನ್ನೆಲ್ಲ ಪರೀಕ್ಷಿಸುವುದರಿಂದ ಲಾಭ ಹೆಚ್ಚೋ ಹಾನಿ ಹೆಚ್ಚೋ ಹೇಳಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ತಡೆಗಟ್ಟುವ ಆರೋಗ್ಯಸೇವೆಗಳ ತಜ್ಞ ಮಂಡಳಿ 2020ರಲ್ಲಿ ಹೇಳಿತು. ಅದೇ ದೇಶದಲ್ಲಿ ಹಿರಿಯರ ಸರಕಾರಿ ವಿಮೆಯ ವಾರ್ಷಿಕ ತಪಾಸಣೆಯಲ್ಲಿ 2011ರಿಂದ ನೆನಪಿನ ಶಕ್ತಿಯನ್ನೂ ಗಮನಿಸುತ್ತಾರೆ! ತಪ್ಪು ಗಂಟೆ ಬಾರಿಸಿದರೆ ಒಳ್ಳೆಯ ಮನುಷ್ಯನಿಗೆ ಹುಚ್ಚನ ಹಣೆಪಟ್ಟಿ, ಮನೆಯವರಿಗೆ ಖರ್ಚು, ನಿದ್ದೆಗೇಡು. ಸೋದರತ್ತೆಯವರ 14 ಅಂಕ ನಮಗೆ ಕೊಟ್ಟದ್ದು ಅದನ್ನೇ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಎಲ್ಲರನ್ನೂ ಪರೀಕ್ಷಿಸುವ ಮಾತು ಪಂಡಿತರಿಗೆ ಇರಲಿ. ಆದರೆ ಬದಲಾವಣೆ ಕಣ್ಣಿಗೆ ಕಂಡ ಮೇಲೂ ವಯಸ್ಸಿನ ಹೆಸರು ಹೇಳಿ ಮನೆಯಲ್ಲಿಟ್ಟುಕೊಳ್ಳುವುದು ತರವಲ್ಲ.

"ಗುಣವಾಗದ ಕಾಯಿಲೆ ತಿಳಿದಾದರೂ ಏನು ಮಾಡೂದು?" ಎಂದು ನಮ್ಮ ಯಜಮಾನರೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇರುವ ಗುಳಿಗೆಗಳು ಕೆಲವರಿಗೆ ಕೆಲಕಾಲ ತುಸು ಆಸರೆ ಕೊಡುತ್ತವೆ, ಕಾಯಿಲೆಯನ್ನು ನಿಲ್ಲಿಸಲಾರವು. ಆದರೆ ತಿಳಿದದ್ದರಿಂದ ಸಂಭಾಜಿನಗರದ ಮನೆಯಲ್ಲಿ ಏನೇನಾಯಿತು ಕೇಳಿ. ಸೋದರತ್ತೆಯವರಿಗೆ ಇನ್ನೂ ವಿವೇಚನೆ ಇದ್ದಾಗಲೇ ಬ್ಯಾಂಕಿನ ಖಾತೆಗೆ ಮಗನ ಹೆಸರು ಸೇರಿತು. ಯಾವ ಬಳೆ ಯಾವ ಮೊಮ್ಮಗಳಿಗೆ ಎಂದು ಅವರೇ ತಮ್ಮ ಬಾಯಿಂದ ಹೇಳಿದರು. ಸೊಂಟದ ಚೀಲದಲ್ಲಿ ಮನೆಯ ವಿಳಾಸ ಮರಾಠಿಯಲ್ಲಿ ಬರೆದಿಟ್ಟರು. ಗ್ಯಾಸಿನ ಕೆಲಸ ಸೊಸೆಗೆ, ಕಾಯಿಪಲ್ಯೆ ಹೆಚ್ಚುವ ಕೆಲಸ ಅವರಿಗೆ. ಕದ್ದೆ ಎಂದು ಬೈದರೆ ಸೊಸೆಗೆ ಈಗ ಸಿಟ್ಟು ಬರುವುದಿಲ್ಲ, ಬೈಯುವುದು ಕಾಯಿಲೆ ಎಂದು ಗೊತ್ತು. ನಿಮಗೆ ಏನು ಆಸೆ ಎಂದು ಕೇಳಿದಾಗ "ಒಮ್ಮೆ ಬನಶಂಕರಿ ಜಾತ್ರಿಗೆ ಕರಕೊಂಡು ಹೋಗ್ರಿ" ಎಂದರು. 2024ರ ಜನವರಿಯಲ್ಲಿ ಕಾರು ಮಾಡಿಕೊಂಡು ಎಲ್ಲರೂ ಬಾದಾಮಿಗೆ ಹೋದರು. ತೇರು ಎಳೆಯುವಾಗ ಅವರು ಗುರುತಿಸಿದವರ ಹೆಸರುಗಳನ್ನು ಮೊಮ್ಮಗ ಬರೆದುಕೊಂಡಿದ್ದಾನೆ. ಎರಡು ವರ್ಷ ತಡವಾಗಿ ತಿಳಿದಿದ್ದರೆ ಕೇಳಲಿಕ್ಕೆ ಅವರಲ್ಲಿ ಆಸೆ ಉಳಿದಿರುತ್ತಿತ್ತೋ ಇಲ್ಲವೋ!

ಇನ್ನು ನೀವು ಮಾಡಬಹುದಾದದ್ದು. ಅನುಮಾನ ಬಂದರೆ ತಾರೀಖು ಹಾಕಿ ಬರೆದಿಡಿ. ವೈದ್ಯರ ಬಳಿ ಹೋಗುವಾಗ ಕನ್ನಡಕ, ಕಿವಿಯ ಯಂತ್ರ, ನುಂಗುವ ಎಲ್ಲ ಗುಳಿಗೆಗಳ ಚೀಲ ಜೊತೆಯಲ್ಲಿರಲಿ. ಅಜ್ಜನಿಗೆ ಯಾವ ಭಾಷೆ ಹಗುರ, ಎಷ್ಟನೆಯ ಇಯತ್ತೆ ಓದಿದ್ದಾರೆ ಎಂಬುದನ್ನು ಮೊದಲೇ ಹೇಳಿ. ಪ್ರಶ್ನೆ ಕೇಳುವಾಗ ನೀವು ಉತ್ತರ ಹೇಳಬೇಡಿ, ಸನ್ನೆಯನ್ನೂ ಮಾಡಬೇಡಿ. ಪ್ರೀತಿಯಿಂದ ಕೊಟ್ಟ ಆ ಒಂದು ಸುಳಿವು ಕಾಯಿಲೆಯನ್ನು ಮುಚ್ಚಿಬಿಡುತ್ತದೆ. ಮನೆಯಲ್ಲಿ ಆಟಕ್ಕೆಂದು ಹಿರಿಯರ ಪರೀಕ್ಷೆ ಮಾಡಿ ನಗಬೇಡಿ. ರಾತ್ರೋರಾತ್ರಿ ತಲೆ ಕೆಟ್ಟಂತಾದರೆ ಅದು ಜ್ವರ, ಸೋಂಕು ಅಥವಾ ಮಿದುಳಿನ ಆಘಾತವಿರಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಿರಿಯರ ಯಾವ ತೊಂದರೆಗಾದರೂ 14567, ಮನಸ್ಸಿನ ತೊಂದರೆಗೆ 14416 ಈ ಎರಡು ಸರಕಾರಿ ದೂರವಾಣಿ ಸಂಖ್ಯೆಗಳು ನೆನಪಿನಲ್ಲಿರಲಿ. ನಿಮ್ಮ ತಂದೆ-ತಾಯಿಯ ರಕ್ತದೊತ್ತಡ, ಸಕ್ಕರೆ, ಕಿವಿ, ಧೂಮಪಾನಗಳ ಕಡೆಗೂ ಈಗಲೇ ಗಮನ ಕೊಡಿ. ಇಂಥ 14 ಕಾರಣಗಳನ್ನು ತಿದ್ದಿಕೊಂಡರೆ ಲೋಕದ ಡಿಮೆನ್ಷಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಆಯೋಗ ಅಂದಾಜು ಮಾಡಿದೆ.

ಕನ್ನಡ ಕಲಿತು ನಮಗೇನು ಲಾಭ ಎಂದು ನಿಮ್ಮಲ್ಲಿ ಕೆಲವರು ಸಂಘದ ಸಭೆಯಲ್ಲಿ ಕೇಳಿದ್ದೀರಿ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಹಾಗೇ. ಒಂದು ಅಧ್ಯಯನದಿಂದ ಎಲ್ಲ ಸಿದ್ಧವಾಗದು, ಆದರೂ ಕೇಳಲು ಹಿತವಾದ ಮಾತು. ನೀವು ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖಠಣಕರರ 'ಅಸ್ತು' ಎಂಬ ಮರಾಠಿ ಚಿತ್ರವನ್ನು ನೋಡಬೇಕು. ಮರೆವಿನ ಕಾಯಿಲೆಯ ಸಂಸ್ಕೃತ ಪಂಡಿತನೊಬ್ಬ ಆನೆಯ ಹಿಂದೆ ಹೋಗಿ ಕಳೆದುಹೋಗುತ್ತಾನೆ. ಅವನನ್ನು ಮಗುವಿನಂತೆ ನೋಡಿಕೊಳ್ಳುವವಳು ಕನ್ನಡ ಮಾತಾಡುವ ಬಡ ಮಾವುತನ ಹೆಂಡತಿ ಚನ್ನಮ್ಮ. ಆ ಪಾತ್ರಕ್ಕೆ ಅಮೃತಾ ಸುಭಾಷರಿಗೆ ರಾಷ್ಟ್ರಪ್ರಶಸ್ತಿ ಬಂತು. ಮರಾಠಿಯವರು ನಮ್ಮ ಭಾಷೆಯ ಹೆಣ್ಣಿಗೆ ಕೊಟ್ಟ ಆ ಜಾಗ ನನಗೆ ಬಹಳ ಸೇರಿತು.

ಕೊನೆಯದಾಗಿ ಒಂದು ಸೂಚನೆ. ಸೆಪ್ಟೆಂಬರ್ 21 ವಿಶ್ವ ಅಲ್‌ಝೈಮರ್ ದಿನ, ಅಕ್ಟೋಬರ್ 1 ಹಿರಿಯರ ದಿನ, ನವೆಂಬರ್ 1 ನಮ್ಮ ರಾಜ್ಯೋತ್ಸವ. ಈ ನಲವತ್ತು ದಿನಗಳಲ್ಲಿ ನಾಸಿಕ ಮತ್ತು ಸಂಭಾಜಿನಗರದ ನಮ್ಮ ಹಿರಿಯರು ದವಾಖಾನೆಗೆ ಹೋಗುವಾಗ ಕನ್ನಡ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಜೊತೆಗೆ ಹೋಗುವಂತಾಗಲಿ. ಇದಕ್ಕೆ ಕನ್ನಡ ಓದಲು ಬರೆಯಲು ಬರಬೇಕೆಂದಿಲ್ಲ, ಅಜ್ಜಿಯ ಜೊತೆ ಮಾತಾಡಲು ಬಂದರೆ ಸಾಕು. ಸಂಘದಲ್ಲಿ ಇದಕ್ಕೆಂದು ಒಂದು ವಹಿ ಇಟ್ಟಿದ್ದೇವೆ. ಮೊದಲ ಹೆಸರು ಸಂಭಾಜಿನಗರದ ಆ ಮೊಮ್ಮಗನದು, ಅವನ ಪರವಾಗಿ ಕನ್ನಡದಲ್ಲಿ ಬರೆದವರು ನಮ್ಮ ಮಾವನವರು. ಎರಡನೆಯ ಸಾಲು ಖಾಲಿ ಇದೆ.